ಮಳೆಗಾಲದ ಪ್ರತಿಭಟನೆಗೆ ಕಪ್ಪು ಪಟ್ಟಿನಾ, ಹಸಿರು ಶಾಲಾ?

ತೋಟದ_ಬೇಲಿ:
ಆನೆ ಹಾವಳಿ ವಿಚಾರಕ್ಕೆ ಜುಲೈನಲ್ಲಿ ಕೊಡಗಿನ ಗೋಣಿಕೊಪ್ಪದಲ್ಲಿ ಮೆರವಣಿಗೆ ಇದೆ. 200 ಜನ ಬರಬಹುದು. ಕಪ್ಪು ಪಟ್ಟಿ, ಹಸಿರು ಶಾಲು, ಆನೆ ಚಿತ್ರ, ಮೂರೂ ಸಲಹೆ ಬಂದಿವೆ. ಒಡಿಕತ್ತಿ (ಕೊಡವರ ಸಾಂಪ್ರದಾಯಿಕ ಬಾಗಿದ ಕತ್ತಿ) ಹಿಡಿಯೋಣ ಅನ್ನುವವರೂ ಇದ್ದಾರೆ. ಯಾವುದು ಸರಿ?

ಮಡಿಕೇರಿ_ಮಂಜು:
ಜುಲೈ ಅಂದರೆ ಎಲ್ಲರ ಮೈಮೇಲೂ ಕಪ್ಪು ಜರ್ಕಿನ್, ಕೈಯಲ್ಲಿ ಕಪ್ಪು ಕೊಡೆ. ಅದರ ಮೇಲೆ ಕಪ್ಪು ಪಟ್ಟಿ ಕಟ್ಟಿದರೆ ಯಾರಿಗೆ ಕಾಣುತ್ತೆ? ಕಪ್ಪಿನ ಅರ್ಥವೂ ಬೇರೆ. 1928ರಲ್ಲಿ ಸೈಮನ್ ಆಯೋಗಕ್ಕೆ ಕಪ್ಪು ಬಾವುಟ ತೋರಿಸಿದ್ದು ‘ವಾಪಸ್ ಹೋಗು’ ಅನ್ನೋಕೆ. ಬರುವವರನ್ನು ತಡೆಯೋಕೆ ಅದು ಸರಿ, ಬೇಡಿಕೆ ಇಡೋಕೆ ಅಷ್ಟು ಹೊಂದಲ್ಲ. ಹಸಿರು ಶಾಲು ಹೊದ್ದರೆ ಜನ ರೈತ ಸಂಘದ ಹೋರಾಟ ಅಂತಲೇ ಓದುತ್ತಾರೆ. ಅವರನ್ನು ಮೊದಲು ಜೊತೆಗೆ ಕರೆಯಿರಿ, ಆಮೇಲೆ ಶಾಲು. ಒಡಿಕತ್ತಿ ಬೇಡವೇ ಬೇಡ. ಕೊಡವರಿಗಿರುವ ವಿನಾಯಿತಿ ಆಯುಧಕ್ಕೆ ಲೈಸೆನ್ಸ್ ಬೇಡ ಅನ್ನೋದಷ್ಟೇ. ಮೆರವಣಿಗೆಯಲ್ಲಿ ಆಯುಧ ಹಿಡಿಯಬಾರದು ಅಂತ ಪೊಲೀಸರು ಷರತ್ತು ಹಾಕಬಹುದು.

ಪನ್ನ_ಅಳತೆ:
ಆನೆ ಚಿತ್ರ ಹಾಕಿದರೆ ಬಿಎಸ್‌ಪಿ ಗುರುತು ಅಂದುಕೊಳ್ಳುತ್ತಾರೆ. ಹೆಜ್ಜೆ ಗುರುತು ಹಾಕಿ. ಮುಂಗಾಲಿನದೇ ಇರಲಿ: ಗುಂಡಗೆ, ಮುಂದೆ ಐದು ಉಗುರು. ಹಿಂಗಾಲು ಉದ್ದುದ್ದ, ಉಗುರು ಸಾಮಾನ್ಯವಾಗಿ ನಾಲ್ಕೇ. ತಪ್ಪು ಬರೆದರೆ ನಗುವವರು ನಮ್ಮೂರಿನವರೇ.

36 ಇಂಚು ಪನ್ನದ (ಅಗಲದ) ಬಿಳಿ ಪಾಪ್ಲಿನ್ ಬಟ್ಟೆ 21 ಮೀಟರ್ ಒಂದೇ ತುಂಡಾಗಿ ತನ್ನಿ. 12 ಇಂಚಿನ ಚೌಕ 204 ಸಿಗುತ್ತವೆ. ಅಂಚಲ್ಲಿ ಕತ್ತರಿಯಿಂದ ಚಿಕ್ಕ ಗಾಯ ಮಾಡಿ ಹರಿದರೆ ಎಳೆ ಹಿಡಿದು ನೇರವಾಗಿ ಹೋಗುತ್ತೆ. ಪೋಸ್ಟರ್ ಕಲರ್ ಮೊದಲ ಮಳೆಗೇ ಇಳಿದುಹೋಗುತ್ತೆ, ಕಪ್ಪು ಎನಾಮೆಲ್ ಪೇಂಟ್ ತಗೊಳ್ಳಿ. ರಟ್ಟಿನಲ್ಲಿ ಅಚ್ಚು ಕೊರೆದು, ಸ್ಪಂಜಿನಿಂದ ಒತ್ತಿ. ಉಜ್ಜಬೇಡಿ. ಪೇಂಟ್ ತೆಳುಮಾಡೋಕೆ ಹಾಕುವ ಟರ್ಪೆಂಟೈನ್ ಜಾಸ್ತಿಯಾದರೆ ಎಣ್ಣೆ ಹರಡಿ ಸುತ್ತ ಹಳದಿ ಕಲೆ ಕೂರುತ್ತೆ.

ತೋಟದ_ಬೇಲಿ:
ಈ ಚೌಕಗಳನ್ನು ಜರ್ಕಿನ್‌ಗೆ ಪಿನ್ ಹಾಕಬಹುದಾ? ರಾಷ್ಟ್ರಧ್ವಜವೂ ಇರುತ್ತೆ.

ಪನ್ನ_ಅಳತೆ:
ಪಿನ್ ಚುಚ್ಚಿದ ಕಡೆ ನೀರು ಇಳಿಯುತ್ತೆ ಅಣ್ಣ. ಮೇಲಿನ ಎರಡು ಮೂಲೆಗೆ ದಾರ ಹೊಲಿದು ಕೊಡೆಯ ಎರಡು ಕಡ್ಡಿ ತುದಿಗೆ ಕಟ್ಟಿ, ಹಿಂದಿನವರಿಗೆ ಕಾಣುತ್ತೆ. ಹಾಂಗ್‌ಕಾಂಗ್‌ನಲ್ಲಿ 2014ರಲ್ಲಿ ಪೆಪ್ಪರ್ ಸ್ಪ್ರೇ ತಡೆಯೋಕೆ ಹಿಡಿದ ಕೊಡೆಯೇ ಚಳವಳಿಯ ಗುರುತಾಯ್ತು. ನಮಗೆ ಕೊಡೆ ಹೇಗೂ ಬೇಕು.

ಮಡಿಕೇರಿ_ಮಂಜು:
ರಾಷ್ಟ್ರಧ್ವಜದ ಮೇಲೆ ಏನೂ ಬರೆಯುವಂತಿಲ್ಲ, ಅದೇ ಕೋಲಿಗೆ ಬೇರೆ ಬಾವುಟ ಕಟ್ಟುವಂತಿಲ್ಲ. ಬಣ್ಣ ಹಾಕಿದ ಚೌಕ ಒಂದರ ಮೇಲೊಂದು ಪೇರಿಸಬೇಡಿ, ಅಂಟಿಕೊಳ್ಳುತ್ತವೆ. ಈ ತೇವದಲ್ಲಿ ಒಂದು ದಿನ ಸಾಲದು. ಸೂರಿನ ಕೆಳಗೆ ಹಗ್ಗ ಕಟ್ಟಿ ಮೂರು ದಿನ ನೇತುಹಾಕಿ.