ಅಪ್‌ಡೇಟ್: ಟ್ಯೂಷನ್ ಕೊಠಡಿಯ ಗಾಳಿಯನ್ನು ಅಳೆದು ನೋಡಿದೆ

ನೆಲಮಾಳಿಗೆಯ ಟ್ಯೂಷನ್ ಕೊಠಡಿಯಲ್ಲಿ ಎಕ್ಸಾಸ್ಟ್ ಫ್ಯಾನ್ ದಿನವಿಡೀ ತಿರುಗಿದರೂ ಮಕ್ಕಳು ತೂಕಡಿಸುತ್ತಾರೆ, ಗಾಳಿ ನಿಜಕ್ಕೂ ಬದಲಾಗುತ್ತಿದೆಯೇ ಎಂದು ಕೇಳಿದ್ದೆ. ಇಂಗಾಲದ ಡೈಆಕ್ಸೈಡ್ ಇಳಿಯುವ ವೇಗವನ್ನು ಅಳೆಯಿರಿ ಎಂದವರಿಗೆ ಮನಸಾರೆ ಧನ್ಯವಾದ.

ಮೀಟರನ್ನು ಮೊದಲು ಹೊರಗಿಟ್ಟೆ: 430 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲದ ಭಾಗಗಳು). ಪಾಠ ಮುಗಿದಾಗ ಒಳಗೆ 1830. ಎಲ್ಲರನ್ನೂ ಕಳುಹಿಸಿ, ಗಾಳಿ ಬೆರೆಯಲೆಂದು ಸೀಲಿಂಗ್ ಫ್ಯಾನ್ ಹಾಕಿ, ನಾನೂ ಹೊರನಡೆದೆ. ಒಳಗೆ ನಿಂತರೆ ನಮ್ಮ ಉಸಿರೇ ಲೆಕ್ಕ ಕೆಡಿಸುತ್ತದೆ. ಹೊರಗಿನದಕ್ಕಿಂತ ಹೆಚ್ಚಿದ್ದ 1400 ಅರ್ಧಕ್ಕೆ ಇಳಿಯಲು 30 ನಿಮಿಷ ಬೇಕಾಯಿತು. ಅರ್ಧಕ್ಕಿಳಿಯುವ ಲೆಕ್ಕದ ಸ್ಥಿರಾಂಕ 0.693ನ್ನು (2ರ ನೈಸರ್ಗಿಕ ಲಾಗರಿದಮ್) ಅರ್ಧ ಗಂಟೆಯಿಂದ ಭಾಗಿಸಿದರೆ, ಕೊಠಡಿಯಷ್ಟು ಹೊಸ ಗಾಳಿ ಬರುವುದು ಗಂಟೆಗೆ ಬರೀ 1.4 ಬಾರಿ!

ಎಕ್ಸಾಸ್ಟ್ ಫ್ಯಾನಿನ ಜಾಲರಿಗೆ ಒತ್ತಿದ ಟಿಶ್ಯೂ ಕಾಗದ ನಿಲ್ಲದೆ ಜಾರಿ ಬಿತ್ತು, ಅಂದರೆ ಫ್ಯಾನ್ ಗಾಳಿಯನ್ನು ಸರಿಯಾಗಿ ಎಳೆಯುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಕಂಬಳಿಯಂತೆ ಹೆಪ್ಪುಗಟ್ಟಿದ ಬೂದು ಧೂಳು. ಜೊತೆಗೆ, ಸದ್ದು ಬಾರದಿರಲೆಂದು ಬಾಗಿಲಿನ ಸಂದಿಗೆ ನಾನೇ ರಬ್ಬರ್ ಪಟ್ಟಿ ಅಂಟಿಸಿದ್ದೆ. ಒಳಬರಲು ದಾರಿಯಿಲ್ಲದ ಮೇಲೆ ಫ್ಯಾನ್ ಏನನ್ನು ಹೊರದೂಡೀತು? ಎರಡನ್ನೂ ಸರಿಪಡಿಸಿ ಮತ್ತೆ ಅಳೆದೆ: ಅರ್ಧಕ್ಕಿಳಿಯಲು 10 ನಿಮಿಷ, ಅಂದರೆ ಗಂಟೆಗೆ 4.2 ಬಾರಿ.

ಆದರೂ 60 ಘನ ಮೀಟರ್ ಕೊಠಡಿಯಲ್ಲಿ 20 ಮಕ್ಕಳಿಗೆ ಇದು ತಲೆಗೆ ಸೆಕೆಂಡಿಗೆ ಮೂರೂವರೆ ಲೀಟರ್ ಹೊಸ ಗಾಳಿ ಮಾತ್ರ. ತರಗತಿಗಳಿಗೆ ಆಶ್ರೇ 62.1 (ಅಮೆರಿಕದ ಎಂಜಿನಿಯರುಗಳ ಸಂಘವೊಂದರ ಗಾಳಿಯಾಟದ ಮಾನದಂಡ) ಸೆಕೆಂಡಿಗೆ ತಲೆಗೆ 5 ಲೀಟರ್, ಅದರ ಮೇಲೆ ನೆಲದ ಚದರ ಮೀಟರಿಗೆ 0.6 ಲೀಟರ್ ಕೇಳುತ್ತದೆ. ಹಾಗಾಗಿ ಸೋಮವಾರದಿಂದ ಹತ್ತು ಹತ್ತು ಮಕ್ಕಳ ಎರಡು ತಂಡ ಮಾಡಿದ್ದೇನೆ.