ಓನರ್ ಪ್ಯಾನ್ ಕೊಡ್ತಿಲ್ಲ, ಎಚ್‌ಆರ್‌ಎಗೆ (ಸಂಬಳದ ಬಾಡಿಗೆ ಭತ್ಯೆ ಮೇಲಿನ ಟ್ಯಾಕ್ಸ್ ವಿನಾಯಿತಿಗೆ) ಏನ್ಮಾಡೋದು? ಅನುಭವ ಇದ್ದೋರು ಹೇಳಿ

ತಿಂಗಳಿಗೆ 15,000 ಬಾಡಿಗೆ, ಎಲ್ಲಾ ಬ್ಯಾಂಕಿಂದಲೇ ಕಟ್ತಿದೀನಿ. ಆಫೀಸಲ್ಲಿ ರಸೀದಿ ಜೊತೆ ಓನರ್ ಪ್ಯಾನ್ ಬೇಕು ಅಂತಾರೆ, ಓನರ್ ನೋಡಿದ್ರೆ "ರಸೀದಿ ಗಿಸೀದಿ ಎಲ್ಲ ಆಗಲ್ಲ, ಬೇಕಾದ್ರೆ ಖಾಲಿ ಮಾಡಿ" ಅಂತಾರೆ. ಪ್ರೂಫ್ ಹಾಕೋಕೆ ಒಂದೇ ವಾರ ಇದೆ. ಫ್ರೆಂಡ್ ಒಬ್ಬ ಅವ್ನ ಮಾವನ ಪ್ಯಾನ್ ಹಾಕ್ಬಿಡು ಅಂತಿದಾನೆ.

—

ಆ ಮಾವನ ಪ್ಯಾನ್ ಮೊದ್ಲು ಮರೀರಿ. ಸುಳ್ಳು ಲೆಕ್ಕ ಅಂತ ಸಿಕ್ಕಾಕೊಂಡ್ರೆ ಉಳಿಸಿದ ಟ್ಯಾಕ್ಸ್ ವಾಪಸ್ ಕಟ್ಟೋದಲ್ದೆ ಅದರ 200% ವರೆಗೂ ಪೆನಾಲ್ಟಿ, ಮಾವನ ಮನೆಗೂ ನೋಟಿಸ್.

ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದ್ರೆ ಪ್ಯಾನ್ ಕೇಳೇ ಕೇಳ್ತಾರೆ, ಆಫೀಸಿನೋರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ. ನಮ್ಮ ಓನರ್ ರಿಟೈರ್ಡ್, "ನಿನ್ನ ಟ್ಯಾಕ್ಸ್ ಉಳೀಲಿ ಅಂತ ನಾನ್ಯಾಕಪ್ಪ ಟ್ಯಾಕ್ಸ್ ಕಟ್ಲಿ" ಅಂತ ಬಾಗಿಲಲ್ಲೇ ನಿಲ್ಸಿ ಕೇಳಿದ್ರು. ಕರೆಂಟ್ ಬಿಲ್ ಹಿಂದೆ ಬರ್ದು ತೋರಿಸ್ದೆ: 12,000ದಂತೆ ವರ್ಷಕ್ಕೆ 1,44,000, ರಿಪೇರಿ ಮಾಡ್ಸಿದ್ರೂ ಮಾಡಿಸ್ದೇ ಇದ್ರೂ ಅದ್ರಲ್ಲಿ 30% ಅಂದ್ರೆ 43,200 ಬಿಟ್ಬಿಡ್ತಾರೆ, ಉಳಿಯೋದು 1,00,800, ನಿಮ್ಮ ಪೆನ್ಷನ್ ಸೇರಿಸಿದ್ರೂ ಟ್ಯಾಕ್ಸ್ ಬರಲ್ಲ ಸರ್ ಅಂತ. ಆಮೇಲೆ ನಿಜವಾದ ಭಯ ಹೊರಗ್ ಬಂತು, ಜೆರಾಕ್ಸ್ ಇಟ್ಕೊಂಡು ಯಾರಾದ್ರೂ ಲೋನ್ ತಗೊಂಡ್ರೆ ಅಂತ! ಹಾಗಾದ್ರೆ ಅಡ್ಡಗೆರೆ ಎಳೆದು "ಎಚ್‌ಆರ್‌ಎಗೆ ಮಾತ್ರ" ಅಂತ ನೀವೇ ಬರೀರಿ ಅಂದೆ. ಕೆಂಪು ಪೆನ್ನಲ್ಲಿ ಎಷ್ಟು ದಪ್ಪಗೆ ಬರೆದ್ರು ಅಂದ್ರೆ ನಂಬರೇ ಮುಚ್ಚೋಯ್ತು, ಆಫೀಸಲ್ಲಿ ರಿಜೆಕ್ಟ್. ಇನ್ನೊಂದು ಜೆರಾಕ್ಸ್‌ಗೆ ಮತ್ತೆ ಹೋಗಿ ಕೈ ಮುಗಿದೆ.

—

ನಮ್ಮ ಓನರ್ ಕೊನೇವರೆಗೂ ಕೊಡ್ಲೇ ಇಲ್ಲ. ಮಾರ್ಚ್ ಸಂಬಳದಲ್ಲಿ ಟಿಡಿಎಸ್ (ಸಂಬಳದಲ್ಲೇ ಹಿಡಿಯೋ ಟ್ಯಾಕ್ಸ್) ಸರಿಯಾಗಿ ಕಡಿದ್ರು, ಹೊಟ್ಟೆ ಉರೀತು, ಆದ್ರೆ ಐಟಿಆರ್ (ಟ್ಯಾಕ್ಸ್ ರಿಟರ್ನ್) ಹಾಕುವಾಗ ಎಚ್‌ಆರ್‌ಎ ನಾನೇ ಕ್ಲೇಮ್ ಮಾಡಿ ರಿಫಂಡ್ ತಗೊಂಡೆ. ಆಫೀಸಿನ ಡೇಟ್ ಮುಗೀತು ಅಂದ್ರೆ ಎಲ್ಲಾ ಮುಗೀತು ಅಂತಲ್ಲ. ಆದ್ರೆ ಹಳೇ ಟ್ಯಾಕ್ಸ್ ರೆಜೀಮ್‌ನಲ್ಲಿ (ಹಳೇ ಟ್ಯಾಕ್ಸ್ ಪದ್ಧತಿ) ಮಾತ್ರ, ಅದೂ ಡ್ಯೂ ಡೇಟ್ ಒಳಗೆ ಫೈಲ್ ಮಾಡಿದ್ರೆ. ಹೊಸ ರೆಜೀಮ್ ಆದ್ರೆ ಎಚ್‌ಆರ್‌ಎನೇ ಇಲ್ಲ, ಈ ಜಗಳನೇ ವೇಸ್ಟ್. ಅಗ್ರಿಮೆಂಟು, ಬ್ಯಾಂಕ್ ಸ್ಟೇಟ್‌ಮೆಂಟು ಎರಡನ್ನೂ ಜೋಪಾನವಾಗಿ ಇಟ್ಕೊಳ್ಳಿ, ನೋಟಿಸ್ ಬಂದ್ರೆ ಕೈ ಹಿಡಿಯೋದು ಅವೇ.

—

ಮನೆ ಯಾರ ಹೆಸರಲ್ಲಿದೆ ನೋಡಿದ್ರಾ? ನಮ್ಗೆ ಬಾಡಿಗೆ ವಸೂಲಿ ಮಾಡ್ತಿದ್ದೋನು ಮಗ, ಮನೆ ಇದ್ದಿದ್ದು ಅವ್ರಮ್ಮನ ಹೆಸರಲ್ಲಿ. ಅವ್ನ ಪ್ಯಾನ್ ಕೇಳಿ ಕೇಳಿ ನಾಲ್ಕು ತಿಂಗಳು ಕಳೆದೆ. ಕೊನೆಗೆ ಆಂಟಿನೇ ಪ್ಯಾನ್ ಕೊಟ್ಟು, ಬಾಡಿಗೆ ಮಗನ ಅಕೌಂಟಿಗೆ ಹಾಕೋದು ನನ್ನ ಒಪ್ಪಿಗೆಯಿಂದ್ಲೇ ಅಂತ ಒಂದು ಲೆಟರ್ ಬರ್ಕೊಟ್ರು.

—

ನಾನು ಓನರ್ ಕಡೆಯೋನು, ಬೈಬೇಡಿ. ಒಬ್ರು 12,000 ಕಟ್ಟಿ 18,000ಕ್ಕೆ ರಸೀದಿ ಬರೆದು ತಂದು ಸೈನ್ ಹಾಕಿ ಅಂಕಲ್ ಅಂದ್ರು. ಅವತ್ತಿಂದ ಯಾರು ರಸೀದಿ ಅಂದ್ರೂ ಮೊದ್ಲು ಅನುಮಾನನೇ ಬರುತ್ತೆ. ವರ್ಷ ಪೂರ್ತಿ ಸುಮ್ನಿದ್ದು ಕೊನೇ ವಾರ 12 ರಸೀದಿ ಒಟ್ಟಿಗೆ ಹಿಡ್ಕೊಂಡು ಬಂದ್ರೆ ಯಾರಿಗೆ ತಾನೆ ಖುಷಿ ಆಗುತ್ತೆ? ಅಕೌಂಟಿಗೆ ಬಂದಿರೋ ಅಷ್ಟೇ ಮೊತ್ತ ಬರ್ಕೊಂಡು, ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟು ತೋರಿಸಿ. ಪ್ಯಾನೇ ಇಲ್ಲ ಅಂದ್ರೆ ಇಲ್ಲ ಅಂತ ಹೆಸರು, ವಿಳಾಸ ಹಾಕಿ ಡಿಕ್ಲರೇಶನ್ ಕೊಡೋಕೆ ಹೇಳಿ, ಅದಕ್ಕೂ ಒಂದು ದಾರಿ ಇದೆ.

—

ಕೇಳಿದ್ದು ನಾನೇ. ಎಲ್ರಿಗೂ ಥ್ಯಾಂಕ್ಸ್. ಯಾರ ಹೆಸರಲ್ಲಿದೆ ಅಂದ್ರಲ್ಲ, ಈಗ ಅಗ್ರಿಮೆಂಟ್ ತೆಗೆದು ನೋಡ್ದೆ, ಮೊದಲನೇ ಪುಟದಲ್ಲೇ ಮಾಲೀಕರು ಅಂತ ಇರೋದು ನಾನು ಓನರ್ ಅಂದ್ಕೊಂಡಿದ್ದೋರ ಮಗಳ ಹೆಸರು. ಎರಡು ವರ್ಷ ಆಯ್ತು ಈ ಮನೇಗೆ ಬಂದು, ಸೈನ್ ಹಾಕಿದ್ದೆ ಅಷ್ಟೇ, ಓದೇ ಇರ್ಲಿಲ್ಲ. ಸಂಜೆ ಅವ್ರಿಗೆ ಫೋನ್ ಮಾಡ್ತೀನಿ.