ಪದಚರ್ಚೆ: ಕೊಲೆಸ್ಟ್ರಾಲ್‌ಗೆ 'ಕೊಬ್ಬು' ಅಂದ್ರ ನಡೀತೈತೇನ್ರಿ?

ಎಲ್ಲಾರಿಗೂ ನಮಸ್ಕಾರ್ರಿ, ಧಾರವಾಡದಿಂದ ಬರಿಲಿಕತ್ತೀನಿ. ನಮ್ಮ ಓಣ್ಯಾಗಿನ ಹಿರ್ಯಾರ ಸಲುವಾಗಿ ಮರವಿನ ಜಡ್ಡಿನ ಬಗ್ಗೆ ಒಂದು ಹಾಳಿ ಬರದು ಕೊಡು ಅಂದಾರ, ನಾನು ಒಂದ ಪದದಾಗ ಸಿಕ್ಕೊಂಡೇನಿ.

ಡಿಮೆನ್ಷಿಯಾ, ಅಂದ್ರ ಈ ಮರವಿನ ಜಡ್ಡಿನ ರಿಸ್ಕ್ ಜಾಸ್ತಿ ಮಾಡೂ ಕಾರಣಗಳ ಲ್ಯಾನ್ಸೆಟ್ ಕಮಿಷನ್ (ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕಿಯ ತಜ್ಞರ ತಂಡ) ಪಟ್ಟಿಗೆ ತಲಿಗೆ ಪೆಟ್ಟು ಹತ್ತೂದು 2020ರಾಗ ಸೇರಿತ್ತು, ನಡುವಯಸ್ಸಿನಾಗ ಎಲ್‌ಡಿಎಲ್ ಕೊಲೆಸ್ಟ್ರಾಲ್ (ಮಂದಿ 'ಕೆಟ್ಟ ಕೊಲೆಸ್ಟ್ರಾಲ್' ಅಂತಾರಲ್ಲ, ಅದು) ಹೆಚ್ಚಿರೂದು 2024ರಾಗ ಸೇರೈತಿ, ಒಟ್ಟ 14 ಆದ್ವು. ನಾನು 'ರಕ್ತದಾಗ ಕೊಬ್ಬು ಹೆಚ್ಚಾದ್ರ ಮರವು ಬರೂ ಸಂಭವ ಐತಿ' ಅಂತ ಬರದು ಅತ್ತಿಗೆ ಓದಿ ಹೇಳಿದೆ. ಮರದಾಗ ಕಡ್ಲಿ ಹಸನ ಮಾಡಕೋತ ಕುಂತಿದ್ರು, ತಲಿ ಎತ್ತಲಾರದ "ಕೊಬ್ಬು ಇದ್ದಾಂವಗ ಮರವು ಬರೂದಿದ್ರ ನಿಮ್ಮ ಮಾವಗ ಯಾವಾಗೋ ಬರಬೇಕಿತ್ತಲ್ಲ" ಅಂದ್ರು!

ನಗಿ ಬಿಡ್ರಿ, ಖರೇ ತೊಡಕು ಬ್ಯಾರೇನ ಐತಿ. ಮಿದುಳು ಮೈತೂಕದ ಶೇ. 2ರಷ್ಟು, ಆದ್ರ ಮೈಯಾಗಿನ ಕೊಲೆಸ್ಟ್ರಾಲ್‌ದಾಗ ಸುಮಾರು ಐದರಾಗ ಒಂದು ಪಾಲು ಅಲ್ಲೇ ಇರತೈತಿ, ನರದ ಎಳಿಗಳ ಮ್ಯಾಲಿನ ಹೊದಿಕಿಗೆ ಅದು ಬೇಕ ಬೇಕು, ರಕ್ತದಾಗಿಂದು ಸರಳ ಒಳಗ ಹೋಗಂಗಿಲ್ಲ ಅಂತ ಮಿದುಳು ತನಗ ಬೇಕಾದದ್ದು ತಾನ ಮಾಡಕೋತೈತಿ. ಅಲ್ಲಿ ಅದನ್ನ ಹೊತ್ತು ತಿರಗೂದು ಅಪೊಇ ಅನ್ನೂ ಪ್ರೊಟೀನು. ಅದರ ಇ4 ನಮೂನಿ ಇದ್ದಾವ್ರಿಗೆ ಅಲ್ಝೈಮರ್ (ಡಿಮೆನ್ಷಿಯಾದಾಗ ಒಂದು ಬಗಿ) ರಿಸ್ಕ್ ಜಾಸ್ತಿ ಅಂತ 1993ರಾಗ ಗೊತ್ತಾತು, ತಲಿಗೆ ಜೋರ ಪೆಟ್ಟು ಹತ್ತಿದಾಗೂ ಇಂಥಾವ್ರು ಸುಧಾರಿಸೂದು ಕಷ್ಟ ಅಂತ ಕೆಲವು ಸಂಶೋಧನಾದಾಗ ಕಂಡೈತಿ, ಎಲ್ಲಾದ್ರಾಗೂ ಅಲ್ಲ. ಹಿಂಗಿದ್ದಾಗ 'ಕೊಬ್ಬು ಕರಗಸ್ರಿ' ಅಂತ ಬರದ್ರ ಓದಿದಾವ್ರು ಏನ ತಿಳಕೋಬೇಕು?

'ನೆಣ' ಅಂದ್ರ ಕುರಿದು ನೆನಪಾಗತೈತಿ, 'ಜಿಡ್ಡು' ಅಂದ್ರ ಬೋಗಾಣಿದು. ಮೂಲ ಹುಡಕಿದ್ರ ಇನ್ನೂ ಮಜಾ, ಪಿತ್ತಕೋಶದ ಹಳ್ಳಿನಾಗ ಸಿಕ್ಕಿತ್ತು ಅಂತ ಗ್ರೀಕಿನ ಪಿತ್ತ, ಗಟ್ಟಿ ಅನ್ನೂ ಎರಡು ಪದ ಕೂಡಿಸಿ ಹೆಸರಿಟ್ಟಾರ. ಅಂದ್ರ ಗಟ್ಟಿಪಿತ್ತ! ನಮ್ಮ ಕಡೆ ಪಿತ್ತ ಮೊದಲ ನೆತ್ತಿಗೇರಿರತೈತಿ, ಇದನ್ನ ಅತ್ತಿ ಮುಂದ ಓದೂ ಧೈರ್ಯ ನನಗಿಲ್ಲ.

ನನಗನಸೂದು, ಕೊಲೆಸ್ಟ್ರಾಲ್ ಅಂತನ ಇಡೂದು ಚಲೋ, ಬಿಪಿ ಶುಗರ್ ಹಂಗ ಅದೂ ಮಂದಿ ಬಾಯಾಗ ಕುಂತೈತಿ. ಡಿಮೆನ್ಷಿಯಾಕ್ಕ 'ಅರಳುಮರಳು' ಅಂತೂ ಬ್ಯಾಡ, ಅರವತ್ತಕ್ಕ ಎಲ್ಲಾರಿಗೂ ಬರೂದ ಅಂತ ತಿಳಕೊಂಡು ಡಾಕ್ಟರ್ ಕಡೆ ಹೋಗಂಗ ಇಲ್ಲ.

ಇನ್ನೊಂದು, 'ಪೆಟ್ಟು ಹತ್ತೂದು' ಅಂದ್ರ ಬೆಂಗಳೂರು ಕಡೆಯಾವ್ರಿಗೆ ತಿಳೀತೈತೇನು, 'ಬೀಳೂದು' ಅನ್ನಬೇಕೇನು? ಗದಗ, ಹಾವೇರಿ ಮಂದಿ ಮನ್ಯಾಗ ಏನಂತೀರಿ ಬರೀರಿ, ಹಾಳಿ ಸೋಮವಾರ ಪ್ರಿಂಟಿಗೆ ಹೋಗತೈತಿ.